ಸುಮಿತ್ರತ್ತೆಯ ಇಂಗ್ಲಿಷ್ ಪಾಠ

ಒದ್ದೆ ಬಟ್ಟೆಯಲ್ಲಿ ಒರೆಸಿದ ಕರಿಹಲಗೆಯ ವಾಸನೆ ಬಂದರೆ ಈಗಲೂ ನನ್ನ ಮುಖ ಬಿಸಿಯಾಗುತ್ತದೆ. ಕೊಪ್ಪದ ನಮ್ಮ ಮನೆಯ ಜಗಲಿಯಲ್ಲಿ ಅಂಥದೊಂದು ಹಲಗೆ ಒರಗಿಸಿಟ್ಟು, ಅಪ್ಪನ ತಂಗಿ ಸುಮಿತ್ರತ್ತೆ ಸಂಜೆ ಹೊತ್ತು ಓಣಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಶೃಂಗೇರಿಗೆ ಮದುವೆಯಾಗಿ ಹೋದವರು ಬೇಗನೆ ತಿರುಗಿ ಬಂದಿದ್ದರು. ಯಾಕೆಂದು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಕೇಳಿದವರಿಗೆಲ್ಲ ಅಜ್ಜ, "ನಾಲ್ಕು ದಿನ ಇರಕ್ಕೆ ಬಂದಿದಾಳೆ ಮಾರಾಯ" ಎನ್ನುತ್ತಿದ್ದರು. ಆ ನಾಲ್ಕು ದಿನ ವರ್ಷಗಳನ್ನೇ ದಾಟಿತ್ತು.

ಒಂದು ಬೇಸಗೆಯ ಸಂಜೆ ಪಾಠ ‘ಗೋ’ ಮತ್ತು ‘ಲೀವ್’. ಎರಡಕ್ಕೂ ನಾವು ‘ಹೋಗುವುದು’ ಎಂದೇ ಬರೆದುಕೊಂಡಿದ್ದೆವು. ಅತ್ತೆ ಬಿಡಿಸಿ ಹೇಳಿದರು: "ಗೋ ಅಂದ್ರೆ ಎಲ್ಲಿಗೆ ಅನ್ನೋದು ಮುಖ್ಯ. ಲೀವ್ ಅಂದ್ರೆ ಎಲ್ಲಿಂದ, ಯಾರನ್ನ ಬಿಟ್ಟು ಅನ್ನೋದು. ‘ಲೆಫ್ಟ್ ಜಯಪುರ’ ಅಂದ್ರೆ ಜಯಪುರ ಬಿಟ್ರು. ಮಧ್ಯ ‘ಫಾರ್’ ಸೇರಿಸಿದ್ರೆ ಜಯಪುರಕ್ಕೆ ಹೊರಟ್ರು." ಆಮೇಲೆ ಒಬ್ಬೊಬ್ಬರೂ ಒಂದೊಂದು ವಾಕ್ಯ ಹೇಳಬೇಕಿತ್ತು. ಪಕ್ಕದ ಮನೆಯ ವಿನುತಾ ಎದ್ದಳು. ಕೆಟ್ಟ ಹುಡುಗಿಯಲ್ಲ, ಮನೆಯಲ್ಲಿ ದೊಡ್ಡವರು ಆಡಿದ್ದನ್ನೇ ಇಂಗ್ಲಿಷಿಗೆ ತಂದಳು.

"ಟೀಚರ್ ಲೆಫ್ಟ್ ಹರ್ ಹಸ್ಬೆಂಡ್."

ಹಿಂದೆ ಯಾರೋ ಕಿಸಕ್ಕೆಂದರು. ನಾನು ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತ ಕೂತೆ. ಅವರು ನನ್ನ ಅತ್ತೆ ಎಂಬುದಕ್ಕೇ ಆ ಗಳಿಗೆಯಲ್ಲಿ ನನಗೆ ನಾಚಿಕೆಯಾಗಿತ್ತು. ಅತ್ತೆ ಕುತ್ತಿಗೆಯವರೆಗೆ ಕೆಂಪಾದರು. ಆದರೂ ಆ ವಾಕ್ಯವನ್ನು ಹಲಗೆಯ ಮೇಲೆ ಬರೆದರು. "ವ್ಯಾಕರಣ ಸರಿ ಇದೆ ಕೂಸೇ. ಆದ್ರೆ ನಾನು ಬಿಟ್ಟು ಬರ್ಲಿಲ್ಲ, ಅವ್ರು ಕಳಿಸಿದ್ರು. ಅದಕ್ಕೆ ಬೇರೆ ಕ್ರಿಯಾಪದ ಬೇಕು."

ಒಳಗಿದ್ದ ಅಜ್ಜ ಬಾಗಿಲಿಗೆ ಬಂದರು. "ಊರ ಮಕ್ಕಳ ಮುಂದೆ ಮನೆ ಮರ್ಯಾದೆ ತೆಗೀಬೇಡ. ನಾಳೆಯಿಂದ ಪಾಠ ಸಾಕು" ಎಂದು ಹಲಗೆಯನ್ನು ತಾವೇ ಒರೆಸಿದರು. ಮಕ್ಕಳು ಸದ್ದಿಲ್ಲದೆ ಚಪ್ಪಲಿ ಹುಡುಕಿಕೊಂಡರು.

ಆ ಬೇಸಗೆ ಮುಗಿಯುವ ಮೊದಲೇ ಅತ್ತೆ ನರಸಿಂಹರಾಜಪುರದ ಶಾಲೆಯೊಂದರಲ್ಲಿ ಕೆಲಸ ಹಿಡಿದು, ಅಲ್ಲೇ ಕೋಣೆ ಮಾಡಿಕೊಂಡರು. ಬಸ್ಸಿನವರೆಗೆ ಅಮ್ಮನೂ ನಾನೂ ಹೋದೆವು. ಅಜ್ಜ ಹೊರಗೆ ಬರಲಿಲ್ಲ.

ಈಗ ಆ ಮನೆಯಿಲ್ಲ, ಅಜ್ಜನೂ ಅತ್ತೆಯೂ ಇಲ್ಲ. ಬಾಯಿಬಿಟ್ಟು ಆಡದ ಮಾತೊಂದನ್ನು ಇಟ್ಟುಕೊಂಡೇ ಕಳೆದುಹೋದ ಮನೆ ನಿಮಗೂ ಒಂದು ಇದ್ದೀತು. ಅಜ್ಜ ಹಾಸಿಗೆ ಹಿಡಿದ ಮೇಲೆ ಅತ್ತೆ ವಾರವಾರವೂ ಬಂದು ಗಂಜಿ ಕುಡಿಸುತ್ತಿದ್ದರು. ಮಗಳ ಮುಖ ನೋಡಲಾರದೆ ಅಜ್ಜ ಗೋಡೆಯ ಕಡೆಗೆ ಹೊರಳುತ್ತಿದ್ದರು. "ಇತ್ಲಾಗೆ ತಿರುಗಿ ಅಪ್ಪಯ್ಯ, ಆರಿ ಹೋಗ್ತದೆ" ಎಂದು ಅತ್ತೆ ಚಮಚ ಹಿಡಿದು ಕಾಯುತ್ತಿದ್ದರು. ಬಹಳ ಹೊತ್ತಾದ ಮೇಲೆ ಅಜ್ಜ ತಿರುಗಿ, ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆಯುತ್ತಿದ್ದರು.