ವಿಲ್ಫ್ ಓಕ್ಡನ್ ಕಟ್ಟುವ ಚೀಟಿ

ನಮ್ಮ ಬೆಲ್ಪರ್ ಊರಿನಲ್ಲಿ ಹಳೆಯ ಕಾರು ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ವಿಲ್ಫ್ ಓಕ್ಡನ್‌ನ ಶೆಡ್ಡಿಗೆ ಬರಲೇಬೇಕು. ಆ ಕಾಲದ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸನ್ನು ಕಾರಿನ ಮೈಗೆ ಕಟ್ಟುತ್ತಿದ್ದರು. ಈಗಿನ ರೇಡಿಯೊ, ಫೋನ್ ಚಾರ್ಜರ್‌ಗಳಿಗೆ ಮೈಗೆ ಮೈನಸ್ಸೇ ಬೇಕು. ಗೊತ್ತಿಲ್ಲದೆ ಜೋಡಿಸಿದರೆ ಕ್ಷಣದಲ್ಲಿ ಹೊಗೆ. ಆ ಪ್ಲಸ್ ಮೈನಸ್ಸನ್ನು ತಿರುಗಿಸಿ ಕೊಡುವುದು ವಿಲ್ಫ್‌ನ ಕೆಲಸ. ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿ, ಒಂದು ತಂತಿಯನ್ನು ಬ್ಯಾಟರಿ ತುಂಬಿಸುವ ಡೈನಮೊಗೆ ಎರಡು ಸಲ ಚಿಟಿಕ್ ಚಿಟಿಕ್ ಎಂದು ತಾಗಿಸಿ, "ಇನ್ಮೇಲೆ ಹೀಗೆ ಕಣೋ" ಎಂದು ಅದಕ್ಕೂ ಬುದ್ಧಿ ಹೇಳುತ್ತಾನೆ. ಕೊನೆಗೆ ಬ್ಯಾಟರಿಯ ತಂತಿಗೆ ಒಂದು ರಟ್ಟಿನ ಚೀಟಿ ಕಟ್ಟುತ್ತಾನೆ: ಏನು ಮಾಡಿದೆ, ಯಾವತ್ತು ಮಾಡಿದೆ, ಯಾರು ಮಾಡಿದ್ದು.

"ಮುಂದೆ ಮುಟ್ಟೋನು ಚೀಟಿ ನಂಬ್ತಾನೆ ಸಿರಿಲ್. ಅದರಲ್ಲಿ ಸುಳ್ಳಿರಬಾರದು" ಎಂದು ನನಗೆ ಸಾವಿರ ಸಲ ಹೇಳಿದ್ದಾನೆ.

ನಾನು ಕೆಲಸ ಬಲ್ಲವನಲ್ಲ. ಗುರುವಾರ ಗುರುವಾರ ಅಲ್ಲಿ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವವನು. ಎರಡು ಚಳಿಗಾಲದಿಂದ ವಿಲ್ಫ್ ಹಾಲನ್ನು ಕಪ್ಪಿನ ಹೊರಗೆ ಸುರಿಯುವುದನ್ನು ನೋಡುತ್ತಿದ್ದೆ. ಪ್ಲಸ್ ಮೈನಸ್ ತೋರಿಸುವ ಮೀಟರ್ ಮೂಲೆ ಸೇರಿತ್ತು. ಈಗ ಎಲ್ಲ ಬೆರಳಲ್ಲೇ. ಬ್ಯಾಟರಿಯ ಎರಡು ಗೂಟಗಳಲ್ಲಿ ದಪ್ಪನೆಯದು ಯಾವಾಗಲೂ ಪ್ಲಸ್, ಸಣ್ಣದು ಮೈನಸ್. ಸವರಿ ನೋಡಿದರೆ ಸಾಕು. ಕಣ್ಣು ಹೋಗುತ್ತಿದೆ ಎಂದು ಊರಿಗೆ ಗೊತ್ತಾದರೆ ಒಂದು ಕಾರೂ ಬರುವುದಿಲ್ಲ, ಕಾರು ಬರದಿದ್ದರೆ ವಿಲ್ಫ್ ಉಳಿಯುವುದಿಲ್ಲ ಎಂದು ನಾನು ಬಾಯಿ ಬಿಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ ನನ್ನದು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೇ ತಿಂಗಳ ಒಂದು ಗುರುವಾರ ಜೋನ್ ಬರ್ಟಲ್ಸ್ ಹಸಿರು ಮೋರಿಸ್ ಮೈನರ್ ಕಾರು ತಂದರು. ಮೂವತ್ತು ವರ್ಷ ಮನೆಮನೆಗೆ ಹೋಗಿ ಗಾಯ ಕಟ್ಟಿದ ನರ್ಸ್, ಊರಿಗೆಲ್ಲ ಸಿಸ್ಟರ್. ಕಾರು ಕೊಂಡು ಎರಡು ವಾರವಾಗಿತ್ತು. ಕೈಯಲ್ಲಿ ಹೊಸ ರೇಡಿಯೊದ ಡಬ್ಬಿ.

"ಲಿಂಕನ್‌ವರೆಗೆ ತಂಗಿ ಜೊತೆ ಹೋಗ್ಬೇಕು ವಿಲ್ಫ್. ರೇಡಿಯೊ ಇಲ್ದಿದ್ರೆ ಅವಳ ಮಾತೇ ಕೇಳ್ಬೇಕಾಗತ್ತೆ."

"ತಿರುಗಿಸಿ ಹಾಕ್ಕೊಡ್ತೀನಿ ಬಿಡಿ ಸಿಸ್ಟರ್."

ವಿಲ್ಫ್ ಬಾನೆಟ್ ಎತ್ತಿ, ಕಾರಿನ ಮೈಯಿಂದ ಬ್ಯಾಟರಿಗೆ ಬಂದ ತಂತಿಪಟ್ಟಿಯ ಜಾಡು ಹಿಡಿದು ಗೂಟ ಸವರಿದ. "ದಪ್ಪ. ಪ್ಲಸ್ ಮೈಗಿದೆ, ಮುಟ್ಟಿಲ್ಲ ಯಾರೂ" ಎಂದ. ಪಟ್ಟಿಯಲ್ಲಿ ಏನೋ ಕೈಗೆ ಸಿಕ್ಕಿತು. ಎಣ್ಣೆ ಹಿಡಿದ ರಟ್ಟಿನ ತುಂಡು. ಬಿಚ್ಚಿ ಕಣ್ಣ ಹತ್ತಿರ ಹಿಡಿದು ಓದಿದಂತೆ ಮಾಡಿ, "ಹಳೇ ಮಾಲೀಕನದ್ದು, ಏನೋ ಬ್ಯಾಟರಿ ತಗೊಂಡ ತಾರೀಖು" ಎಂದು ಬೆಂಚಿನ ಮೇಲೆಸೆದು ಸ್ಪ್ಯಾನರ್ ಹಚ್ಚಿದ.

ಜೋನ್ ಆ ಚೀಟಿ ಎತ್ತಿಕೊಂಡು ತಮ್ಮ ಕೋಟಿಗೇ ಒರೆಸಿ, ಗಟ್ಟಿಯಾಗಿ ಓದಿದರು. "ಮೈನಸ್ ಮೈಗೆ. ಹದಿನಾಲ್ಕು ಮೇ, ತೊಂಬತ್ತೊಂದು. ಸಣ್ಣ ಕ್ಲ್ಯಾಂಪ್ ಸಿಗಲಿಲ್ಲ, ಗೂಟಕ್ಕೆ ಸೀಸದ ಬಳೆ ತೊಡಿಸಿದೆ. ವಿ. ಓಕ್ಡನ್."

ಸ್ಪ್ಯಾನರ್ ನಿಂತಿತು. ಸಣ್ಣ ಗೂಟಕ್ಕೆ ತಂತಿಯ ತುದಿಯ ದೊಡ್ಡ ಕ್ಲ್ಯಾಂಪ್ ಸಡಿಲವಾಗುತ್ತದೆಂದು ಅವನೇ ತೊಡಿಸಿದ ಬಳೆ. ಬ್ಯಾಟರಿ ಬದಲಾದಾಗಲೆಲ್ಲ ಅದು ಹೊಸ ಗೂಟಕ್ಕೇರಿ ಮೈನಸ್ಸನ್ನೂ ಪ್ಲಸ್ಸಿನಷ್ಟೇ ದಪ್ಪ ಮಾಡಿತ್ತು. ಇನ್ನೈದು ನಿಮಿಷ ಕಳೆದಿದ್ದರೆ ಸರಿಯಿದ್ದ ಕಾರನ್ನು ತಿರುಗಿಸಿ, ರೇಡಿಯೊವನ್ನು ಸುಟ್ಟು ಕೈಗೆ ಕೊಡುತ್ತಿದ್ದ.

"ನಿಮ್ಮದೇ ಅಕ್ಷರ. ಎಷ್ಟು ದಿನದಿಂದ ಕಾಣ್ತಿಲ್ಲ?" ಜೋನ್ ಕೇಳಿದರು.

ವಿಲ್ಫ್ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ. ಅವರು ನನ್ನ ಕಡೆ ತಿರುಗಿದರು.

"ನಿಮಗೆ ಗೊತ್ತಿತ್ತು ಅಲ್ವಾ ಸಿರಿಲ್?"

"ಗೊತ್ತಿತ್ತು ಸಿಸ್ಟರ್."

"ಗೊತ್ತಿದ್ದೂ ಚಹಾ ಕುಡೀತಾ ಕೂತ್ರಿ."

ವಿಲ್ಫ್ ನಿಧಾನಕ್ಕೆ ಕೈ ಒರೆಸಿಕೊಂಡ. "ಎರಡು ವರ್ಷ ಆಯ್ತು. ನಡುವೆ ಎಲ್ಲ ಮಂಜು, ಅಂಚಿನಲ್ಲಿ ಮಾತ್ರ ಕಾಣತ್ತೆ. ಶೆಡ್ ಮುಚ್ಚಿದ್ರೆ ಬೆಳಿಗ್ಗೆ ಎದ್ದು ಏನ್ ಮಾಡ್ಲಿ ಅಂತ ಹೇಳ್ಲಿಲ್ಲ."

"ಮುಚ್ಚಿ ಅಂದೋರ್ಯಾರು? ಮೊದಲು ಕಣ್ಣಾಸ್ಪತ್ರೆಗೆ ಬರ್ತೀರಿ, ನಾನೇ ಕರ್ಕೊಂಡು ಹೋಗ್ತೀನಿ. ಈಗ ರೇಡಿಯೊ ಹಾಕಿ. ಬಣ್ಣ ನಾನು ಹೇಳ್ತೀನಿ."

ಅವರು ತಂತಿಯ ಬಣ್ಣ ಹೇಳುತ್ತಾ ಹೋದರು, ಅವನು ಜೋಡಿಸುತ್ತಾ ಹೋದ. ಅರ್ಧ ಗಂಟೆಯಲ್ಲಿ ರೇಡಿಯೊದಲ್ಲಿ ಯಾರೋ ಟೊಮೇಟೊ ಸಸಿಗೆ ನೀರು ಹಾಕುವುದು ಹೇಗೆಂದು ಹೇಳತೊಡಗಿದರು. ಜೋನ್ ಧ್ವನಿ ಜೋರು ಮಾಡಿ, ತಂಗಿಗೆ ಇಷ್ಟು ಸಾಕು ಎಂದರು.

ವಿಲ್ಫ್ ಹೊಸ ರಟ್ಟು ತೆಗೆದು ನನ್ನ ಕೈಗಿಟ್ಟ. "ನಾನು ಹೇಳ್ತೀನಿ, ನೀನು ಬರಿ. ಮೈನಸ್ ಮೈಗೆ. ಗೂಟಕ್ಕೆ ಬಳೆ ಇದೆ, ಮೋಸ ಹೋಗಬೇಡಿ."

ಬರೆದೆ.

"ರೇಡಿಯೊ ಹಾಕಿದ್ದು ವಿ. ಓಕ್ಡನ್. ಅವನಿಗೆ ಕಣ್ಣು ಕಾಣಲ್ಲ. ನೋಡಿ ಹೇಳಿದ್ದು ಜೋನ್ ಬರ್ಟಲ್ಸ್."

ನನ್ನ ಕೈ ನಿಂತಿತು. ಬೆಲ್ಪರ್‌ನಲ್ಲಿ ಯಾರ ಕಾರಿನ ಬಾನೆಟ್ ಎತ್ತಿದರೂ ಹತ್ತು ಜನ ಬಂದು ಬಗ್ಗಿ ನೋಡುತ್ತಾರೆ. ಬರುವ ಭಾನುವಾರದೊಳಗೆ ಊರಿಗೆಲ್ಲ ತಿಳಿಯುತ್ತದೆ.

"ಇದೂ ಬೇಕಾ ವಿಲ್ಫ್?"

"ಬರಿ ಮಾರಾಯ. ಚೀಟೀಲಿ ಸುಳ್ಳಿರಬಾರದು."

ಬರೆದುಕೊಟ್ಟೆ. ಅವನು ಅದನ್ನು ತಾನೇ ತಡವಿ ಹಿಡಿದು, ಹಳೆಯ ಚೀಟಿಯನ್ನೂ ಸೇರಿಸಿ ಆ ಪಟ್ಟಿಗೆ ಎರಡು ಗಂಟು ಹಾಕಿ ಕಟ್ಟಿದ.