ಘಾನಾದಲ್ಲಿ ನಾನು ಬೇರೆ ಕುಳಿತದ್ದು

ಘಾನಾ ದೇಶಕ್ಕೆ ಎಂಟು ದಿನದ ಪ್ರವಾಸ ಹೊರಟಾಗ ನನ್ನ ಚೀಲದಲ್ಲಿ ಒಂದು ತಿಂಗಳಿಗಾಗುವಷ್ಟು ಔಷಧಿ ಇತ್ತು. ಹೊಟ್ಟೆ ಕೆಟ್ಟರೆ ಒಂದು ಗುಳಿಗೆ, ಕೆಡದಿದ್ದರೆ ಅದಕ್ಕೂ ಒಂದು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಬಂದ ದಿನವೇ ಜ್ವರ ಬಂತೆಂದು ಕನ್ನಡಿಯ ಮುಂದೆ ನಿಂತು ಕಣ್ಣಿನ ಬಿಳಿಯನ್ನು ಎಳೆದೆಳೆದು ನೋಡಿಕೊಂಡವನು ನಾನು. ಮೂವತ್ತು ಖಡಕ್ ಜೋಳದ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಯ ಪುಡಿ ಕಟ್ಟಿಕೊಡುತ್ತ ಹೆಂಡತಿ, "ಊರು ನೋಡಾಕ ಹೊಂಟೀರೋ, ಯುದ್ಧಕ್ಕ ಹೊಂಟೀರೋ?" ಎಂದಿದ್ದಳು.

ನನ್ನನ್ನು ತಮ್ಮ ಜೊತೆ ಹೊರಡಿಸಿದವರು ನನ್ನ ಸಹೋದ್ಯೋಗಿ. ರಾಯಚೂರಿನಿಂದ ಮಾನ್ವಿಯ ಕಾಲೇಜಿಗೆ ಹದಿನೆಂಟು ವರ್ಷ ಒಂದೇ ಬಸ್ಸಿನಲ್ಲಿ, ಕಲ್ಲೂರಿನವರೆಗೆ ನಿಂತು ಆಮೇಲೆ ಕೂತು, ಹೋಗಿಬಂದವರು ನಾವು. ಅವರ ಅಳಿಯ ಘಾನಾದ ರಾಜಧಾನಿಯಲ್ಲಿ ಅಕ್ಕಿ ವ್ಯಾಪಾರದ ಕಂಪನಿಯೊಂದರಲ್ಲಿದ್ದ. ಇರಲು ಮನೆ, ತಿರುಗಲು ಕಾರು, ಓಡಿಸಲು ಚಾಲಕ ಎಲ್ಲ ಅವನದೇ ಏರ್ಪಾಡು. ಸಹೋದ್ಯೋಗಿಯದು ಮಡಿವಂತರ ಮನೆತನ. ನನ್ನದು ದೇವದುರ್ಗ ತಾಲ್ಲೂಕಿನ ಮಸರಕಲ್ ಕಡೆ ಕೂಲಿ ಮಾಡಿದ ಕುಟುಂಬ; ಈಗ ಪಡಸಾಲೆಯಲ್ಲಿ ಬುದ್ಧನ ಪಟವಿದೆ. ಇದು ನಮ್ಮಿಬ್ಬರಿಗೂ ಗೊತ್ತು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ. ಬಸ್ಸಿನಲ್ಲಿ ಹುರಿದ ಶೇಂಗಾ ಹಂಚಿಕೊಂಡಿದ್ದೇವೆ. ಅವು ಹೇಗೂ ಸಿಪ್ಪೆಯೊಳಗಿರುತ್ತವೆ.

ಮೊದಲ ನಾಲ್ಕು ದಿನ ನಾನು ಘಾನಾವನ್ನು ಮೂಗು ಮುಚ್ಚಿಕೊಂಡೇ ನೋಡಿದೆ. ಸಂತೆಯಲ್ಲಿ ಹೊಗೆಯಾಡಿಸಿದ ಮೀನಿನ ರಾಶಿ, ಬುಟ್ಟಿಯಲ್ಲಿ ಅಂಗೈಯಗಲದ ಬಸವನಹುಳುಗಳು ಒಂದರ ಮೇಲೊಂದು ಲೋಳೆ ಸುರಿಸುತ್ತ ಹತ್ತುತ್ತಿದ್ದವು. ಕಾಡಿನಲ್ಲಿ ಮರಗಳ ನೆತ್ತಿಯ ಮೇಲೆ ಕಟ್ಟಿದ ಹಗ್ಗದ ಸೇತುವೆ ದಾಟಿಸಿದರು. ನಾನು ಕಾಡು ನೋಡಲಿಲ್ಲ, ಹಗ್ಗದ ಗಂಟುಗಳನ್ನು ಎಣಿಸಿದೆ. ಐದನೆಯ ದಿನ ಕಡಲ ದಂಡೆಯ ಹಳೆಯ ಕೋಟೆಗೆ ಹೋದೆವು. ಗುಲಾಮರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಯಲ್ಲಿ ನನ್ನ ಕಣ್ಣು ತುಂಬಿತು. ಹೊರಗೆ ಬಂದು, ಸಂದರ್ಶಕರ ಪುಸ್ತಕದಲ್ಲಿ ಮನುಷ್ಯನ ಘನತೆಯ ಬಗ್ಗೆ ಆರು ಸಾಲು ಬರೆದೆ. ಬರೆದದ್ದರ ಫೋಟೋ ತೆಗೆದು ಕಾಲೇಜಿನ ವಾಟ್ಸ್ಯಾಪ್ ಗುಂಪಿಗೂ ಕಳಿಸಿದೆ. ಅದನ್ನು ನೆನೆದರೆ ಈಗ ಮೈ ಜುಮ್ಮೆನ್ನುತ್ತದೆ, ಹೆಮ್ಮೆಯಿಂದಲ್ಲ.

ಮರುದಿನ ಮಧ್ಯಾಹ್ನ ಚಾಲಕ ನಮ್ಮನ್ನು ತನ್ನ ಊರಿನ ಮನೆಗೆ ಕರೆದೊಯ್ದ. ಅವನ ತಾಯಿ ನಮ್ಮನ್ನು ಅಂಗಳದಲ್ಲಿ ಕೂರಿಸಿ, ಒಂದು ಲೋಟದಲ್ಲಿ ನೀರು ತಂದಳು. ಬಂದವರಿಗೆ ಮೊದಲು ನೀರು, ಆಮೇಲೆ ಬಂದ ಕಾರಣ ಕೇಳುವುದು ಅಲ್ಲಿನ ಪದ್ಧತಿಯಂತೆ. ನಾನು ಲೋಟವನ್ನು ಕೈಯಲ್ಲಿ ಹಿಡಿದು, ಅವಳು ತಿರುಗಿದಾಗ ನೆಲಕ್ಕೆ ಸುರಿದು, ನನ್ನ ಬಾಟಲಿಯಿಂದ ಕುಡಿದೆ. ಅವಳು ನೋಡಲಿಲ್ಲ ಅಂದುಕೊಂಡೆ. ಒದ್ದೆ ಮಣ್ಣು ನನ್ನ ಬೂಟಿನ ಪಕ್ಕದಲ್ಲೇ ಇತ್ತು.

ಆಮೇಲೆ ಫುಫು ಮಾಡಿದರು. ಬೇಯಿಸಿದ ಮರಗೆಣಸು ಮತ್ತು ಬಾಳೆಕಾಯಿಯನ್ನು ಒರಳಿಗೆ ಹಾಕಿ ಮಗ ಒನಕೆಯಿಂದ ಕುಟ್ಟುವುದು, ಒನಕೆ ಮೇಲೆದ್ದಾಗ ತಾಯಿ ಒರಳೊಳಗೆ ಕೈ ಹಾಕಿ ಮುದ್ದೆ ತಿರುವುವುದು. ಅವಳ ಬೆರಳು ಜಜ್ಜಿಹೋದೀತೆಂದು ನಾನು ಒಂದೊಂದು ಪೆಟ್ಟಿಗೂ ಕಣ್ಣು ಮುಚ್ಚುತ್ತಿದ್ದೆ. ಕೊನೆಗೆ ದೊಡ್ಡ ಮಣ್ಣಿನ ಬೋಗುಣಿ ಬಂತು. ನಡುವೆ ಮುದ್ದೆ, ಸುತ್ತ ಕೆಂಪು ಎಣ್ಣೆ ತೇಲುವ ಸಾರು, ಸಾರಿನಲ್ಲಿ ಕಪ್ಪಗೆ ಸುರುಟಿಕೊಂಡ ಬಸವನಹುಳು. ಎಲ್ಲರೂ ಅದೇ ಬೋಗುಣಿಗೆ ಕೈ ಹಾಕಬೇಕು. ನಾನು ಸದ್ದಿಲ್ಲದೆ ಚೀಲದಿಂದ ರೊಟ್ಟಿ, ಹಿಂಡಿ ತೆಗೆದೆ.

ನಿಮಗೆ ಹುಷಾರಿಲ್ಲವೇ ಎಂದು ಚಾಲಕ ಕೇಳಿದ. ಉತ್ತರ ಕೊಟ್ಟವರು ನನ್ನ ಸಹೋದ್ಯೋಗಿ. ನಮ್ಮ ನಾಡಿನಲ್ಲಿ ಮೇಲಿನ ಮನೆತನದವರು ಹೊರಗಿನವರ ಮನೆಯಲ್ಲಿ ಊಟ ಮಾಡುವುದಿಲ್ಲ, ನಾವಿಬ್ಬರೂ ಅಂಥವರು, ತಪ್ಪು ತಿಳಿಯಬೇಡಿ ಎಂದು ಇಂಗ್ಲಿಷಿನಲ್ಲಿ ವಿನಯದಿಂದಲೇ ಹೇಳಿದರು. ನಾನು ಅವರ ಮುಖ ನೋಡಿದೆ. ಅವರು ಮುಗುಳ್ನಕ್ಕು ಪಿಸುಗುಟ್ಟಿದರು:

"ಇರ್ಲಿ ಬಿಡ್ರಿ ಸರ, ಇವತ್ತೊಂದಿನ ನಮ್ಮ ಜಾತ್ಯಾಗ ಇರ್ರಿ. ನಿಮ್ದೇನ್ ಹೋಗ್ತದ?"

ಚಾಲಕ ನನ್ನ ಕಡೆ ತಿರುಗಿ, ಹೌದೇ ಎಂಬಂತೆ ಹುಬ್ಬೇರಿಸಿದ.

ನಾನು ತಲೆ ಆಡಿಸಿದೆ. ಹೌದು ಎಂದು. ಆ ಹುಳು ತಿನ್ನುವುದು ತಪ್ಪಿತಲ್ಲ ಎಂಬ ನಿರಾಳ ಬೇರೆ.

ಮಗ ಹೇಳಿದ್ದನ್ನು ಕೇಳಿ ತಾಯಿ ಏನೂ ಬೇಸರ ಮಾಡಿಕೊಳ್ಳಲಿಲ್ಲ. ಎರಡು ಮರದ ಪೀಠ ತಂದು, ಸೆರಗಿನಂಥ ಬಟ್ಟೆಯಿಂದ ಒರೆಸಿ, ಅಂಗಳದಾಚೆ ಮಾವಿನ ಮರದ ಕೆಳಗೆ ಇಟ್ಟಳು. ನಾವು ಹೋಗಿ ಕೂತೆವು. ಅವಳು, ಮಗ, ಸೊಸೆ ದೂರದಲ್ಲಿ ಬೋಗುಣಿಯ ಸುತ್ತ ಕೂತರು.

ಮಸರಕಲ್ಲಿನ ಹೋಟೆಲಿನ ಹೊರಗೆ ನನ್ನಪ್ಪ ಕೂರುತ್ತಿದ್ದದ್ದೂ ಇಷ್ಟೇ ದೂರ. ಪೀಠ ಇರಲಿಲ್ಲ, ನೆಲ. ಅವನಿಗಾಗಿ ಚಪ್ಪರದ ಗಳಕ್ಕೆ ಸಿಕ್ಕಿಸಿದ ಒಂದು ಬೇರೆ ಚಹದ ಕಪ್ಪು. ಕುಡಿದು ತಾನೇ ತೊಳೆದು ಸಿಕ್ಕಿಸಬೇಕು. ನೀರು ಬೇಕೆಂದರೆ ಬೊಗಸೆ ಒಡ್ಡಬೇಕು. ಮೇಲಿನಿಂದ ಹೊಯ್ಯುತ್ತಿದ್ದರು, ಅರ್ಧ ತೋಳಿಗೆ ಹರಿಯುತ್ತಿತ್ತು. ನಾನು ಅವನ ಪಕ್ಕ ನಿಂತು ಬನ್ನು ತಿನ್ನುತ್ತಿದ್ದೆ. ಈಗ ಘಾನಾದವರೆಗೆ ವಿಮಾನ ಹತ್ತಿ ಬಂದು, ಹೋಟೆಲಿನವನ ಜಾಗದಲ್ಲಿ ಕೂತಿದ್ದೆ. ರೊಟ್ಟಿ ಬಾಯಲ್ಲಿ ಹಿಟ್ಟಾಯಿತು, ಒಳಗೆ ಹೋಗಲಿಲ್ಲ. ನನ್ನ ಮೇಲೆ ನನಗೆ ಬಂದ ಅಸಹ್ಯದ ಮುಂದೆ ಬಸವನಹುಳು ಏನೂ ಅಲ್ಲ.

"ನಾ ಆ ಮನಿತನದಾಂವ ಅಲ್ರೀ," ಎಂದೆ. "ನೀವು ಹೇಳ್ತೀರೋ, ನಾನ ಹೇಳ್ಲೋ?"

"ಅವ್ರಿಗೇನ್ ತಿಳಿತದ್ರಿ ಇದೆಲ್ಲಾ? ಸುಮ್ನ ಉಣ್ರಿ," ಎಂದರು, ಹಿಂಡಿಯ ಕಡೆ ನೋಡುತ್ತ.

ಎದ್ದು ಹೋದೆ. ಬೋಗುಣಿಯ ಬಳಿ ಕುಕ್ಕರಗಾಲಿನಲ್ಲಿ ಕೂತು, ತಡವರಿಸುತ್ತ ಚಾಲಕನಿಗೆ ಎಲ್ಲ ಹೇಳಿದೆ: ನಾನು ಸುಳ್ಳು ತಲೆ ಆಡಿಸಿದ್ದು, ಅಪ್ಪನ ಕಪ್ಪು, ಬೊಗಸೆ. ಬೊಗಸೆ ಎನ್ನಲು ಇಂಗ್ಲಿಷ್ ಸಿಗದೆ ಕೈ ಒಡ್ಡಿ ತೋರಿಸಿದೆ. ಮಗ ಅದನ್ನೆಲ್ಲ ಅವರ ಮಾತಿನಲ್ಲಿ ಹೇಳಿದ ಮೇಲೆ ತಾಯಿ ನನ್ನ ಕೈ ನೋಡಿ ಏನೋ ಕೇಳಿದಳು. ನೀರು ಹೊಯ್ಯುತ್ತಿದ್ದವರು ಯಾರು, ಅವರೂ ನಿಮ್ಮ ಊರಿನವರೇ ಎಂದು ಕೇಳುತ್ತಿದ್ದಾಳೆ ಎಂದು ಮಗ ತಿಳಿಸಿದ. ಊರಿನವರೇ ಎಂದೆ. ಮರದ ಕಡೆ ನೋಡಲಿಲ್ಲ.

ಅವಳು ನನ್ನ ಕೈ ತೊಳೆಸಿದಳು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಬಿಸಿ, ಖಾರ, ಜಾರಿಹೋಯಿತು. ಹುಳು ಹಲ್ಲಿಗೆ ರಬ್ಬರಿನಂತೆ ಸಿಕ್ಕಿತು. ರುಚಿಸಿತೆಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಕಣ್ಣಲ್ಲಿ ನೀರು ಬಂದು, ವಾಕರಿಕೆಯನ್ನು ಕೆಮ್ಮಿನಲ್ಲಿ ಮುಚ್ಚಿದೆ. ಅವಳು ನನ್ನ ಮುಖ ನೋಡಿ ಗಟ್ಟಿಯಾಗಿ ನಕ್ಕಳು. ಸೇರದಿದ್ದರೆ ಸೇರುವುದಿಲ್ಲ ಅನ್ನಬಹುದಿತ್ತಲ್ಲ, ಅದಕ್ಕೆ ಮನೆತನ ಯಾಕೆ ಬೇಕು ಎನ್ನುತ್ತಿದ್ದಾಳೆ ಎಂದ ಮಗ.

ಆಮೇಲೆ ನನ್ನ ಕಡೆಗಿದ್ದ, ನಾನು ಅರ್ಧ ಕಚ್ಚಿ ಬಿಟ್ಟಿದ್ದ ಹುಳುವನ್ನು ಬೆರಳಿನಿಂದ ಎತ್ತಿ ತನ್ನ ಬಾಯಿಗೆ ಹಾಕಿಕೊಂಡಳು.