ಅರಿವೆಯ ಹ್ಯಾಂಡಲ್

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡು ದಾಟಿ ಸ್ವಲ್ಪ ಮುಂದೆ ಹೋದರೆ, ಒಂದೇ ಶಟರಿನ ಕೆಳಗೆ ಎರಡು ಕಸುಬು ನಡೆಯುವ ಅಂಗಡಿ ಸಿಗುತ್ತದೆ. ಎಡಗಡೆ ಮುಸ್ತಾಕನ ಹೊಲಿಗೆ ಯಂತ್ರ, ಬಲಗಡೆ ಅವನ ಹೆಂಡತಿ ಹುಸೇನಬಿಯ ಸೈಕಲ್ ರಿಪೇರಿ. ನಡುವೆ ಹಳೆಯ ಸೀರೆಯ ಒಂದು ಪರದೆ. ಹೊಲಿಯಲು ಬಂದ ಬಟ್ಟೆಗೆ ಗ್ರೀಸು ತಾಗಬಾರದೆಂದು ಅದನ್ನು ಕಟ್ಟಿದ್ದು, ಇಲ್ಲದಿದ್ದರೆ ಗಂಡ ಹೆಂಡತಿಗೆ ಮರೆ ಬೇಕಿರಲಿಲ್ಲ.

ಹುಸೇನಬಿಗೆ ಈಗ ಐವತ್ನಾಲ್ಕು. ಹುಟ್ಟಿದ್ದು ಬ್ಯಾಡಗಿಯಲ್ಲಿ. ತಂದೆ ಮಹಮ್ಮದಗೌಸನಿಗೆ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಸೈಕಲ್ ಅಂಗಡಿಯಿತ್ತು. ಹಮಾಲರ ಸೈಕಲ್ಲು, ಹಾಲಿನವರ ಸೈಕಲ್ಲು, ತಾಸಿಗಿಷ್ಟೆಂದು ಬಾಡಿಗೆಗೆ ಕೊಡುವ ಸೈಕಲ್ಲು. ಹಂಗಾಮಿನಲ್ಲಿ ಗಾಳಿಯೇ ಖಾರವಾಗುವ ಊರು ಅದು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಪಂಕ್ಚರ್ ಹಾಕಬೇಕಿತ್ತು. ಅವಳು ಹನ್ನೊಂದರವಳಿದ್ದಾಗ ತಂದೆಯ ಕಣ್ಣು ಮಂಜಾಗತೊಡಗಿತು. ಡೊಂಕಾದ ಗಾಲಿಯನ್ನು ನೋಡಿ ತಿದ್ದುವುದು ಆಗದಾದಾಗ ಅವನು ಕೇಳಿ ತಿದ್ದತೊಡಗಿದ. ಒಂದೊಂದೇ ಸ್ಪೋಕ್ ಕಡ್ಡಿಯನ್ನು ಉಗುರಿನಿಂದ ಮೀಟುವುದು, ದನಿ ಇಳಿದಿದ್ದರೆ ಬಿಗಿ ಮಾಡುವುದು, ಏರಿದ್ದರೆ ಸಡಿಲಿಸುವುದು. ಪಕ್ಕದಲ್ಲಿ ಕುಳಿತ ಮಗಳಿಗೆ, “ಮುಂದಿಂದು ಹೆಂಗ ಅಂತು, ಹೇಳು?” ಎಂದು ಕೇಳುತ್ತಿದ್ದ. ಹಾಗೆ ಎರಡು ವರ್ಷದಲ್ಲಿ ಅವಳ ಕಿವಿ ತಂದೆಯ ಕಿವಿಗಿಂತ ಚುರುಕಾಯಿತು.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೂರನೆಯ ದಿನ ಮುಸ್ತಾಕನ ಸೈಕಲ್ಲಿನ ಹಿಂದಿನ ಗಾಲಿ ಕಿರುಗುಟ್ಟುವುದನ್ನು ಒಳಗಿನಿಂದಲೇ ಕೇಳಿ, ಹೊರಗೆ ಬಂದು ಸರಿ ಮಾಡಿಕೊಟ್ಟಳು. ಮುಸ್ತಾಕ ಗಾಲಿಯನ್ನು ಒಮ್ಮೆ ತಿರುಗಿಸಿ ನೋಡಿದ. ಆಮೇಲೆ, “ನಿನಗ ಅರ್ಧ ಅಂಗಡಿ ಸಾಕಾಗತೈತೇನು?” ಎಂದು ಕೇಳಿದ. ಅವಳು ಆ ಮಾತಿಗಾಗಿ ಇಂದಿಗೂ ಅವನನ್ನು ಮೆಚ್ಚುತ್ತಾಳೆ.

ಹೋದ ವರ್ಷ ದೀಪಾವಳಿ ಕಳೆದ ವಾರ ಆ ಅಂಗಡಿಯ ಮುಂದೆ ದಪ್ಪ ಟೈರಿನ ಒಂದು ಬೆಟ್ಟದ ಸೈಕಲ್ ಬಂದು ನಿಂತಿತು. ಇಳಿದವಳು ದ್ರಾಕ್ಷಾಯಿಣಿ. ಕರ್ಜಗಿಯ ಹುಡುಗಿ, ಹಾವೇರಿಯ ಆಸ್ಪತ್ರೆಯೊಂದರಲ್ಲಿ ನರ್ಸು, ರಜೆ ಸಿಕ್ಕರೆ ಗುಡ್ಡದ ದಾರಿಗಳಲ್ಲಿ ಸೈಕಲ್ ರೇಸಿಗೆ ಹೋಗುವವಳು. ಅವಳ ಬಲ ಮಣಿಕಟ್ಟಿನ ಮೇಲೆ ಉದ್ದನೆಯ ಹೊಲಿಗೆಯ ಗುರುತಿತ್ತು.

“ಅಕ್ಕಾರ, ಈ ಹ್ಯಾಂಡಲ್ ತಗದು ಬ್ಯಾರೇದು ಹಾಕಬೇಕರಿ,” ಎಂದಳು. “ಕೈ ಮುರದಾಗ ಒಳಗ ಪ್ಲೇಟ್ ಹಾಕ್ಯಾರ. ಕಲ್ಲಿನ ದಾರಿಯೊಳಗ ಅರ್ಧ ತಾಸು ಓಡಿಸಿದ್ರ ಬೆರಳೆಲ್ಲಾ ಜುಮ್ ಹಿಡೀತಾವು.”

“ಹಂಗಾರ ಯಾಕ ಓಡಸ್ತಿ, ತಂಗಿ?”

“ಬಿಡಾಕ ಆಗವಲ್ದರಿ.”

ಹುಸೇನಬಿಗೆ ಆ ಉತ್ತರ ಸಾಕಾಯಿತು.

ದ್ರಾಕ್ಷಾಯಿಣಿ ಬ್ಯಾಗಿನಿಂದ ಟವೆಲಿನಲ್ಲಿ ಸುತ್ತಿದ ಕಪ್ಪು ಹ್ಯಾಂಡಲೊಂದನ್ನು ತೆಗೆದುಕೊಟ್ಟಳು. ಹುಬ್ಬಳ್ಳಿಯ ಪರಿಚಯದವರೊಬ್ಬರು ಒಂದು ವರ್ಷ ಬಳಸಿ ಮಾರಿದ್ದು. ಹುಸೇನಬಿ ಭಾರಕ್ಕೆ ತಯಾರಾಗಿ ಕೈಯೊಡ್ಡಿದ್ದಳು. ಹಿಡಿದು ಎತ್ತಿದರೆ ಕೈ ತಾನಾಗಿಯೇ ಎದೆಯ ತನಕ ಏರಿಹೋಯಿತು. ನಲವತ್ತು ವರ್ಷ ಕಬ್ಬಿಣ ಎತ್ತಿದ ಕೈಗಳು ಮೋಸಹೋಗಿದ್ದವು. ಕೆಳಗಿಟ್ಟು ಮತ್ತೆ ಎತ್ತಿ ನೋಡಿದಳು.

“ಪ್ಲಾಸ್ಟಿಕ್ ಏನಿದು?”

“ಕಾರ್ಬನ್‌ರಿ. ಅಲ್ಯೂಮಿನಿಯಮ್‌ಕಿಂತ ಹಗುರ, ಗಟ್ಟಿ. ಕಲ್ಲಿನ ಅದರಾಟ ಕೈ ತನಕ ಬಿಡಂಗಿಲ್ಲಂತ.”

ಹುಸೇನಬಿ ಮೊದಲು ಅಳತೆಗೆ ಕುಳಿತಳು. ಹ್ಯಾಂಡಲನ್ನು ಕಚ್ಚಿ ಹಿಡಿಯುವ ಸ್ಟೆಮ್ಮಿನ ದವಡೆಗೂ ಹ್ಯಾಂಡಲಿನ ನಡುವಿನ ದಪ್ಪಕ್ಕೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಅಗಲ ಮಾತ್ರ ಹೆಚ್ಚೆನಿಸಿತು. “ದಂಡ ಹೊಡಿಯೋರಂಗ ನೆಲಕ್ಕ ಕೈ ಊರು ನೋಡೋಣು,” ಎಂದಳು. ದ್ರಾಕ್ಷಾಯಿಣಿ ನಗುತ್ತ ಅಂಗಡಿಯ ನೆಲಕ್ಕೆ ಕೈಯೂರಿದಳು. ಮುಸ್ತಾಕ ತನ್ನ ಟೇಪು ತಂದು ಅಂಗೈಯ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದ. ಎಪ್ಪತ್ತನಾಲ್ಕು ಸೆಂಟಿಮೀಟರ್. ಭುಜಕ್ಕೆ ಹಿತವಾಗುವ ಅಗಲ ಅದೇ.

ತುದಿಗಳನ್ನು ಆ ಅಳತೆಗೆ ಕತ್ತರಿಸುವ ಮೊದಲು ಹುಸೇನಬಿಗೆ ಏನೆನಿಸಿತೋ, ಡಬ್ಬಿಯಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಹ್ಯಾಂಡಲಿನ ಒಂದು ತುದಿಯಿಂದ ಮೆಲ್ಲಗೆ ಬಡಿಯುತ್ತ ಬಂದಳು. ಟಿಣ್, ಟಿಣ್, ಟಿಣ್. ನಡುವಿಗೆ ಬಂದು ಎರಡು ಬೆರಳು ಎಡಕ್ಕೆ ಸರಿದಾಗ ಟಕ್ ಎಂದಿತು.

“ಯಂತ್ರ ನಿಲ್ಲಸ್ರಿ ಒಂಚೂರು,” ಎಂದು ಗಂಡನಿಗೆ ಹೇಳಿ, ಕಣ್ಣು ಮುಚ್ಚಿ ಮತ್ತೆ ಬಡಿದಳು. ಅದೇ ಜಾಗದಲ್ಲಿ ಮತ್ತೆ ಟಕ್.

“ಇಲ್ಲೆ ದನಿ ಸತ್ತೈತಿ.”

ದ್ರಾಕ್ಷಾಯಿಣಿ ಬೆಳಕಿಗೆ ಹಿಡಿದು ನೋಡಿದಳು. ಒಂದು ಗೀರೂ ಇರಲಿಲ್ಲ. “ಏನೂ ಕಾಣವಲ್ದಲ್ರಿ ಅಕ್ಕಾರ. ಮೂರು ವಾರಕ್ಕ ರೇಸ್ ಐತಿ.”

“ನಾ ಇಂಥಾದ್ದು ಇವತ್ತ ಮೊದಲ ಮುಟ್ಟೇನಿ, ತಂಗಿ. ನಂದು ತಪ್ಪಿರಬಹುದು. ಆದ್ರ ಇದನ್ನ ಹಾಕಿ ನಿನ್ನ ಕೈಗೆ ಸೈಕಲ್ ಕೊಡಾಕ ನನಗ ಧೈರ್ಯ ಇಲ್ಲ.”

ದ್ರಾಕ್ಷಾಯಿಣಿ ತನ್ನ ಮಣಿಕಟ್ಟಿನ ಗುರುತನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತಿದ್ದಳು. ಕೊನೆಗೆ, “ಕೊಯ್ರಿ ಅಲ್ಲೇ. ನೋಡೇ ಬಿಡೋಣು,” ಎಂದಳು.

ಹುಸೇನಬಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಧೂಳೇಳದಂತೆ ನೀರು ಹನಿಸುತ್ತ, ಸಣ್ಣ ಹಲ್ಲಿನ ಗರಗಸದಿಂದ ಸರಿಯಾಗಿ ಆ ಜಾಗದಲ್ಲಿ ಕೊಯ್ದಳು. ತುಂಡು ಬೇರೆಯಾಯಿತು. ಮೇಲಿನ ಪದರ ಕೆಳಗಿನ ಪದರದಿಂದ ಬಿಟ್ಟುಕೊಂಡಿತ್ತು. ಮುಸ್ತಾಕನ ಸೂಜಿ ಅದರೊಳಗೆ ಅರ್ಧದ ತನಕ ಇಳಿಯಿತು.

ದ್ರಾಕ್ಷಾಯಿಣಿ ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಇಳಿಜಾರಿನಲ್ಲಿ ಹ್ಯಾಂಡಲ್ ಕೈಯಲ್ಲೇ ಮುರಿದರೆ ಮುಖ, ದವಡೆ, ಕುತ್ತಿಗೆ ಏನಾಗುತ್ತವೆಂದು ಯಾರೂ ಆ ನರ್ಸಿಗೆ ಬಿಡಿಸಿ ಹೇಳಬೇಕಿರಲಿಲ್ಲ. “ಹೆಂಗ ಕೇಳಿಸ್ತರಿ ನಿಮಗ?” ಎಂದು ಪಿಸುಗುಟ್ಟಿದಳು. ಹುಸೇನಬಿ ನಾಣ್ಯವನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. ತಂದೆ ಸ್ಪೋಕ್ ಕಡ್ಡಿಯಲ್ಲಿ ಕಲಿಸಿದ್ದು ಅವನು ಎಂದೂ ಕಂಡಿರದಿದ್ದ ವಸ್ತುವಿನೊಳಗಿನ ಬಿರುಕನ್ನು ಹಿಡಿದಿತ್ತು.

ಮುಸ್ತಾಕ ಮಾತ್ರ ಆ ತುಂಡನ್ನು ಬಿಡಲೇ ಇಲ್ಲ. ಕನ್ನಡಕ ಏರಿಸಿ, ಬಾಗಿಲಿನ ಬಿಸಿಲಿಗೆ ಹಿಡಿದು, ಬಿಟ್ಟುಕೊಂಡ ಪದರವನ್ನು ಸೂಜಿಯಿಂದ ಬಿಡಿಸಿ ನೋಡಿದ.

“ಏ, ಇದು ಅರಿವಿ,” ಎಂದ.

“ಅರಿವಿ? ಬಟ್ಟಿ?” ಎಂದಳು ಹುಸೇನಬಿ.

“ಖರೇನ. ಇಲ್ಲಿ ನೋಡು, ಒಂದು ಪದರ ಉದ್ದಕ್ಕ ಹಾಕ್ಯಾರ. ಅದರ ಮ್ಯಾಲೆ ಓರೆ. ಅದರ ಮ್ಯಾಲೆ ಈ ಕಡೆ ಓರೆ. ಕಾಲರ್ ಜಗ್ಗಬಾರದು ಅಂತ ನಾನು ಮಾಡ್ತೇನಲ್ಲ, ಹಂಗ. ಇದನ್ನ ಮಾಡಿದವ ಯಾವನೋ ದರ್ಜಿನ ಇರಬೇಕು.”

ದ್ರಾಕ್ಷಾಯಿಣಿ ತಾನು ಓದಿದ್ದನ್ನು ಹೇಳಿದಳು. ಮೊದಲು ಕೂದಲಿಗಿಂತ ತೆಳುವಾದ ನೂಲು ತೆಗೆಯುತ್ತಾರಂತೆ. ಉರಿ ಹತ್ತದಂತೆ ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿ ಕಾಯಿಸಿ, ಬರೀ ಇದ್ದಿಲು ಉಳಿಯುವಂತೆ ಮಾಡುತ್ತಾರಂತೆ. ಅದನ್ನು ಅಂಟಿನಲ್ಲಿ ಪದರ ಪದರವಾಗಿ ಕೂಡಿಸಿ ಅಚ್ಚಿನಲ್ಲಿ ಬೇಯಿಸುತ್ತಾರಂತೆ. ಮುಸ್ತಾಕ ಕೇಳುತ್ತ ಕೇಳುತ್ತ ತನ್ನ ಯಂತ್ರದ ಮೇಲಿನ ಅರ್ಧ ಹೊಲಿದ ಶರ್ಟಿನ ಕಡೆ ನೋಡಿದ. ಮೂವತ್ತು ವರ್ಷ ದಿನವೂ ಮುಟ್ಟಿದ ಬಟ್ಟೆಯನ್ನು ಅವನು ಹಾಗೆ ನೋಡಿದ್ದು ಅದೇ ಮೊದಲು. “ಅರಿವಿ ಹಿಡಕೊಂಡು ಗುಡ್ಡಾ ಇಳೀತಾರ,” ಎಂದು ಮೆಲ್ಲಗೆ ತನಗೆ ತಾನೇ ಹೇಳಿಕೊಂಡ.

ಹೊಸ ಕಾರ್ಬನ್ ಹ್ಯಾಂಡಲ್ ತರಿಸಲು ಹತ್ತು ದಿನ ಹಿಡಿಯಿತು. ದ್ರಾಕ್ಷಾಯಿಣಿ ಪೊಟ್ಟಣ ಒಡೆಯದೆಯೇ ತಂದಳು. ಹುಸೇನಬಿ ನಾಣ್ಯ ಹಿಡಿದು ತುದಿಯಿಂದ ತುದಿಗೆ ಬಡಿದಳು. ಒಂದೇ ದನಿ. ಮುಸ್ತಾಕನ ಸೀಮೆಸುಣ್ಣದಿಂದ ಎಪ್ಪತ್ತನಾಲ್ಕಕ್ಕೆ ಗುರುತು ಹಾಕಿ ಎರಡೂ ತುದಿ ಸಮನಾಗಿ ಕೊಯ್ದು, ಅಂಚು ಉಜ್ಜಿದಳು. ಹಳೆಯ ಸ್ಟೆಮ್ಮಿನ ದವಡೆಯೊಳಗೆ ಬೆರಳಾಡಿಸಿದಾಗ ಒಂದು ಮುಳ್ಳಿನಂಥ ಅಂಚು ಸಿಕ್ಕಿತು. ಅದನ್ನೂ ಮರಳುಕಾಗದದಿಂದ ತೀಡಿ ನುಣುಪು ಮಾಡಿದಳು. ಜಾರದಿರಲೆಂದು ಸಕ್ಕರೆ ಬೆರೆಸಿದ ಬೆಣ್ಣೆಯಂಥ ಒಂದು ಪೇಸ್ಟು ಹಚ್ಚಿ ಹ್ಯಾಂಡಲ್ ಕೂರಿಸಿದಳು.

ಉಳಿದದ್ದು ನಾಲ್ಕು ಬೋಲ್ಟುಗಳು. ಸ್ಟೆಮ್ಮಿನ ಮೇಲೆ ಬಿಗಿಯ ಅಳತೆ ಐದು ಎಂದು ಬರೆದಿತ್ತು, ಅದಕ್ಕಿಂತ ಬಿಗಿ ಸಲ್ಲದು. ಪಕ್ಕದ ಮೋಟಾರ್‌ಸೈಕಲ್ ಗ್ಯಾರೇಜಿನಲ್ಲಿದ್ದ, ಬಿಗಿ ಅಳೆದು ಬೋಲ್ಟು ತಿರುಗಿಸುವ ಪಾನಾ ಇಪ್ಪತ್ತರಿಂದ ಶುರುವಾಗುತ್ತಿತ್ತು, ಇದಕ್ಕೆ ಬಾರದು. ದ್ರಾಕ್ಷಾಯಿಣಿ ತನ್ನ ಗೆಳತಿಯಿಂದ ಒಂದು ಪುಟ್ಟ ಪಾನಾ ತಂದಿದ್ದಳು. ಬಿಗಿ ಸಾಕಾದಾಗ ಅದೇ ಕಟ್ ಎನ್ನುತ್ತದೆ. ಹುಸೇನಬಿ ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬಂದಳು. ಅವಳ ಕೈ ಇನ್ನೂ ಕೆಲಸ ಶುರುವಾಗಿಲ್ಲ ಎಂದುಕೊಳ್ಳುವಷ್ಟರಲ್ಲಿ ಪಾನಾ ಕಟ್ ಎಂದಿತು.

“ಇಷ್ಟ?”

“ಇಷ್ಟರಿ.”

ಇನ್ನೊಂದು ಕಾಲು ಸುತ್ತು ಕೊಡಲು ಮಣಿಕಟ್ಟು ಚಡಪಡಿಸಿತು. ನಲವತ್ತು ವರ್ಷ ಕೈ ಹೇಳಿದ್ದೇ ಅಳತೆಯಾಗಿತ್ತು. ಹುಸೇನಬಿ ಪಾನಾ ಕೆಳಗಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ದ್ರಾಕ್ಷಾಯಿಣಿ ಮೈಭಾರವೆಲ್ಲ ಹಾಕಿ ಹ್ಯಾಂಡಲ್ ಒತ್ತಿದಳು, ಅದು ಒಂದಿನಿತೂ ಜರುಗಲಿಲ್ಲ.

ರೇಸಿನಲ್ಲಿ ಅವಳು ಒಂಬತ್ತನೆಯವಳಾದಳು. ಎರಡು ತಾಸಿನ ಕಲ್ಲುದಾರಿಯಲ್ಲಿ ಕೊನೆಯ ಏರಿನ ತನಕ ಬೆರಳು ಜುಮ್ ಹಿಡಿಯಲಿಲ್ಲ. ಅದನ್ನು ಹೇಳಲು ಫೋನು ಮಾಡದೆ, ಮುಂದಿನ ರವಿವಾರ ಬೆಳಗ್ಗೆ ಹಾವೇರಿಯಿಂದ ಸೈಕಲ್ ಹೊಡೆದುಕೊಂಡು ತಾನೇ ಬಂದಳು.

“ಬರ್ರಿ ಅಕ್ಕಾರ. ಹಾಕಿದವರು ನೀವು, ಹ್ಯಾಂಗೈತಿ ಅಂತ ನೀವೂ ನೋಡಬೇಕು.”

ಊರಾಚೆಯ ಗುಡ್ಡದ ಬಂಡಿಹಾದಿಗೆ ಮೂವರೂ ಹೋದರು. ಹುಸೇನಬಿ ಗುಡ್ಡದ ಮೇಲೆ ಸೆರಗು ಬಿಗಿದು, ನೆರಿಗೆ ಎತ್ತಿ ಕಟ್ಟಿ, ಸೈಕಲ್ ಏರಿದಳು. ಮುಸ್ತಾಕ ಕೆಳಗೆ ಬೇಲಿಯ ಹತ್ತಿರ ನಿಂತಿದ್ದ. ಇಳಿಜಾರು ಶುರುವಾಯಿತು. ಮುಂದೆ ತೆಂಗಿನಕಾಯಿ ಗಾತ್ರದ ಕಲ್ಲುಗಳು. ಮೊದಲನೆಯ ಕಲ್ಲಿಗೆ ಅವಳು ಹಲ್ಲು ಕಚ್ಚಿ, ಮೊಣಕೈಗೆ ಬರುವ ಪೆಟ್ಟಿಗಾಗಿ ಕಾದಳು. ಗಾಲಿ ಕಲ್ಲನ್ನು ಹತ್ತಿ ಇಳಿಯಿತು. ಬರಬೇಕಿದ್ದ ಪೆಟ್ಟು ಬರಲಿಲ್ಲ. ಇಲ್ಲೊಂದು ಕಲ್ಲಿತ್ತು ಎಂಬ ಸುದ್ದಿಯಷ್ಟೇ ಅಂಗೈಗೆ ಮುಟ್ಟಿತು. ಎರಡನೆಯದು, ಮೂರನೆಯದು. ಕೆಳಗೆ ಹೊಲಗಳು ಬಿಸಿಲಿಗೆ ಬಿಚ್ಚಿಕೊಂಡಿದ್ದವು, ಗಾಳಿ ಕಿವಿ ತುಂಬಿತ್ತು. ಅವಳ ಹತ್ತು ಬೆರಳುಗಳ ನಡುವೆ ಸುಟ್ಟ ನೂಲಿನ ಒಂದು ಕೊಳವೆ ಇಡೀ ಗುಡ್ಡದ ಒರಟನ್ನು ತಾನೇ ನುಂಗುತ್ತ ಅವಳನ್ನು ಇಳಿಸುತ್ತಿತ್ತು.

ಬೇಲಿಯ ಹತ್ತಿರ ಬ್ರೇಕ್ ಹಿಡಿದು ನಿಂತಾಗ ಅವಳ ಕಣ್ಣುಗಳು ಒದ್ದೆಯಾಗಿದ್ದವು. ಮುಸ್ತಾಕ ಗಾಬರಿಯಾಗಿ, “ಏನಾತು?” ಎಂದ.

“ಏನೂ ಆಗಿಲ್ಲ,” ಎಂದಳು ಹುಸೇನಬಿ. ಕೈಗಳನ್ನು ತಿರುಗಿಸಿ ಅಂಗೈ ನೋಡಿಕೊಂಡಳು. “ಸರೀರಿ ಆ ಕಡೆ. ಇನ್ನೊಮ್ಮೆ ಹೋಗಿ ಬರ್ತೇನಿ.”

ಸೈಕಲ್ಲನ್ನು ತಿರುಗಿಸಿ, ತಳ್ಳಿಕೊಂಡು, ಗುಡ್ಡ ಹತ್ತತೊಡಗಿದಳು.